ಕೀಲಿಮಣೆ ನೋಡಬೇಡಿ

ಬಸ್ ನಿಲ್ದಾಣದ ಎದುರು, ಬಟ್ಟೆ ಅಂಗಡಿಯದೋ ಔಷಧಿ ಅಂಗಡಿಯದೋ ಮಹಡಿಯ ಮೇಲೆ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಒಂದು ಕಾಲಕ್ಕೆ ನಮ್ಮ ತಾಲ್ಲೂಕು ಕೇಂದ್ರಗಳ ಚಹರೆಯಲ್ಲಿ ಇದೂ ಸೇರಿತ್ತು. ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ‘ಜೂನಿಯರ್’ ಕಟ್ಟಲು ಹೋದವರಿಗೆ ಮೊದಲ ಪಾಠ ಇಂದಿಗೂ ಬಾಯಿಪಾಠ: ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಹಾಳೆ ತುಂಬ ಅದೇ ಸಾಲು. ತಲೆ ತಗ್ಗಿಸಿ ಕೀ ಹುಡುಕಿದವರಿಗೆ ಹಿಂದಿನಿಂದ ಮೇಷ್ಟ್ರ ಗದರಿಕೆ: ‘ಕೆಳಗೆ ನೋಡ್ಬೇಡ, ಪುಸ್ತಕ ನೋಡು.’ ಮತ್ತೆ ನೋಡಿದರೆ ಬೆರಳ ಗೆಣ್ಣಿಗೆ ಸ್ಕೇಲು. ಕಣ್ಣು ಚೆನ್ನಾಗಿದ್ದ ಹುಡುಗ ಹುಡುಗಿಯರು ತಿಂಗಳು ತಿಂಗಳೂ ಫೀಸು ಕಟ್ಟಿ ಕಲಿಯುತ್ತಿದ್ದದ್ದು ಇದನ್ನೇ: ಬೆರಳಿನ ಕೆಲಸದಲ್ಲಿ ಕಣ್ಣು ಮೂಗು ತೂರಿಸದಂತೆ ನೋಡಿಕೊಳ್ಳುವುದನ್ನು.

ಹೀಗಿದ್ದೂ, ದೃಷ್ಟಿ ಇಲ್ಲದವರು ಟೈಪ್ ಮಾಡುತ್ತಾರೆ ಎಂದರೆ ಜನ ಬೆರಗಾಗುತ್ತಾರೆ. ‘ಅಯ್ಯೋ, ಅಕ್ಷರ ಕಾಣದೆ ಹೇಗೆ ಹೊಡೀತಾರೆ?’ ಎಂದು ಕೇಳುವವರಲ್ಲಿ ಜೂನಿಯರ್, ಸೀನಿಯರ್ ಎರಡೂ ಪಾಸಾದವರೂ ಇರುತ್ತಾರೆ. ತಾವು ಹೊಡೆಯುವಾಗ ಅಕ್ಷರ ನೋಡುತ್ತೇವೆಯೇ ಎಂದು ಅವರು ತಮ್ಮನ್ನೇ ಕೇಳಿಕೊಂಡಿರುವುದಿಲ್ಲ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. 2013ರಲ್ಲಿ ಹೊರಬಂದ ಆ ಅಧ್ಯಯನದಲ್ಲಿ, ನಿಮಿಷಕ್ಕೆ ಸರಾಸರಿ 72 ಪದ ಹೊಡೆಯಬಲ್ಲವರ ಮುಂದೆ ಅಕ್ಷರಗಳಿಲ್ಲದ ಕೀಲಿಮಣೆಯ ಚಿತ್ರ ಇಟ್ಟು, ಯಾವ ಅಕ್ಷರ ಎಲ್ಲಿದೆ ತುಂಬಿ ಎಂದರು. 26ರಲ್ಲಿ ಅವರು ಸರಿಯಾಗಿ ತುಂಬಿದ್ದು ಸರಾಸರಿ 15. ಉಳಿದವು ಎಲ್ಲಿವೆ ಎಂಬುದು ಅವರ ಬೆರಳಿಗಷ್ಟೇ ಗೊತ್ತಿತ್ತು.

ಟೈಪ್ ಮಾಡುವ ಯಂತ್ರದ ಕಥೆ ಶುರುವಾಗುವುದೂ ಕಾಣದ ಕಣ್ಣುಗಳಿಂದಲೇ. ಇಟಲಿಯ ಪೆಲ್ಲೆಗ್ರಿನೋ ಟುರ್ರಿ 1808ರ ಸುಮಾರಿಗೆ, ದೃಷ್ಟಿ ಕಳೆದುಕೊಂಡಿದ್ದ ಕೌಂಟೆಸ್ ಕರೊಲಿನಾ ಫಾಂಟೋನಿಗೆಂದು ಬರೆಯುವ ಯಂತ್ರವೊಂದನ್ನು ಮಾಡಿಕೊಟ್ಟ. ಮನಸ್ಸಿನಲ್ಲಿದ್ದುದನ್ನು ಇನ್ನೊಬ್ಬರ ಕಿವಿಗೆ ಹಾಕದೆ ತಾನೇ ಪತ್ರ ಬರೆಯುವ ಸ್ವಾತಂತ್ರ್ಯ ಅವಳಿಗೆ ಸಿಕ್ಕಿದ್ದು ಹಾಗೆ. ಯಂತ್ರ ಈಗ ಇಲ್ಲ, ಅದರಲ್ಲಿ ಅವಳು ಬರೆದ ಕೆಲವು ಪತ್ರಗಳು ಇವೆ. ಜರ್ಮನಿಯ ದಾರ್ಶನಿಕ ನೀತ್ಶೆ ಕಣ್ಣು ತೀರಾ ಕೈಕೊಟ್ಟಾಗ, 1882ರಲ್ಲಿ, ಡೆನ್ಮಾರ್ಕಿನ ಪಾದ್ರಿ ಮಾಲಿಂಗ್ ಹಾನ್ಸನ್ ಮಾಡಿದ ಯಂತ್ರ ತರಿಸಿಕೊಂಡ. ಅರ್ಧಗೋಳದ ಮೇಲೆ ಗುಂಡಿಗಳನ್ನು ನೆಟ್ಟ ವಿಚಿತ್ರ ಯಂತ್ರ ಅದು. ಪ್ರಯಾಣದಲ್ಲಿ ಪೆಟ್ಟು ತಿಂದಿದ್ದ ಅದು ಅವನ ಕೈಯಲ್ಲಿ ಹೆಚ್ಚು ದಿನ ಬಾಳಲಿಲ್ಲ.

ಇನ್ನು 1874ರ ಹೊತ್ತಿಗೆ ಮಾರಾಟಕ್ಕೆ ಬಂದ ಮೊದಲ ರೆಮಿಂಗ್ಟನ್ ಟೈಪ್‌ರೈಟರ್. ಅದರ ಅಚ್ಚಿನ ಸರಳುಗಳು ಕೆಳಗಿನಿಂದ ಎದ್ದು ಹಾಳೆಗೆ ಬಡಿಯುತ್ತಿದ್ದವು. ಹೊಡೆದ ಸಾಲು ನೋಡಬೇಕೆಂದರೆ ಕ್ಯಾರೇಜ್ ಎತ್ತಬೇಕು. ಹಾಳೆಯ ಮೇಲೆ ಏನು ಮೂಡುತ್ತಿದೆ ಎಂಬುದು ಆಗ ಯಾರಿಗೂ ಕಾಣುತ್ತಿರಲಿಲ್ಲ. ಹತ್ತು ಬೆರಳಿನ ವಿದ್ಯೆಗೆ ಹೆಸರು ಬಂದದ್ದು 1888ರ ಜುಲೈ 25ರಂದು, ಸಿನ್ಸಿನಾಟಿ ನಗರದ ಒಂದು ಸ್ಪರ್ಧೆಯಲ್ಲಿ. ಕೀಲಿಮಣೆಯನ್ನು ನೋಡದೆ ಹೊಡೆಯುತ್ತಿದ್ದ ಕೋರ್ಟ್ ಸ್ಟೆನೊಗ್ರಾಫರ್ ಫ್ರಾಂಕ್ ಮೆಕ್‌ಗರಿನ್, ನೋಡಿಕೊಂಡು ಹೊಡೆಯುತ್ತಿದ್ದ ಲೂಯಿ ಟ್ರಾಬ್‌ನನ್ನು ಸೋಲಿಸಿದ. ಕಣ್ಣು, ಕಿವಿ ಎರಡೂ ಇಲ್ಲದ ಹೆಲನ್ ಕೆಲರ್ ಕಾಲೇಜಿನ ಪರೀಕ್ಷೆಗಳಿಗೆ ಉತ್ತರ ಬರೆದದ್ದೂ ಟೈಪ್‌ರೈಟರಿನಲ್ಲೇ. 1903ರಲ್ಲಿ ಬಂದ ಆತ್ಮಕಥೆಯಲ್ಲಿ ಆಕೆ ಹ್ಯಾಮಂಡ್ ಯಂತ್ರವನ್ನು ಹೊಗಳಿದ್ದಾರೆ: ಅದರ ಅಚ್ಚಿನ ಪಟ್ಟಿಯನ್ನು ಕಳಚಿ ಬದಲಿಸಿದರೆ ಗ್ರೀಕ್ ಬೇಕೆಂದರೆ ಗ್ರೀಕ್, ಗಣಿತದ ಚಿಹ್ನೆ ಬೇಕೆಂದರೆ ಅದು.

ಪೂರ್ತಿ ಕಾಣದವರ ವಿಷಯದಲ್ಲಿ, ಹಾಗಾಗಿ, ವಿವರಿಸಬೇಕಾದ್ದು ಕಡಿಮೆ. ಕಷ್ಟ ಇರುವುದು ಸ್ವಲ್ಪ ಕಾಣುವವರಿಗೆ.

ಅರೆಬರೆ ಕಾಣುವ ಕಣ್ಣು

ಕಾಯ್ದೆಯ ಭಾಷೆಯಲ್ಲಿ ಇವರು ಮಂದದೃಷ್ಟಿಯವರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ಅಳೆಯುವುದು ಹೀಗೆ: ಕನ್ನಡಕ ಹಾಕಿದ ಮೇಲೂ, ಎರಡರಲ್ಲಿ ಚೆನ್ನಾಗಿರುವ ಕಣ್ಣಿನ ದೃಷ್ಟಿ 6/18ರಿಂದ 3/60ರ ನಡುವೆ ಇರಬೇಕು, ಇಲ್ಲವೇ ಒಟ್ಟು ಕಾಣುವ ಹರವು 40 ಡಿಗ್ರಿಗಿಂತ ಕಡಿಮೆಯಾಗಿ 10 ಡಿಗ್ರಿಯವರೆಗೆ ಕುಗ್ಗಿರಬೇಕು. 6/18 ಎಂದರೆ ಸಾಮಾನ್ಯ ಕಣ್ಣು 18 ಮೀಟರ್ ದೂರದಿಂದ ಓದುವುದನ್ನು 6 ಮೀಟರ್ ಹತ್ತಿರ ಬಂದು ಓದುವುದು. ಆದರೆ ಈ ಅಂಕಿಗಳು ಕಂಪ್ಯೂಟರ್ ಮುಂದೆ ಕೂತವರ ಪಾಡನ್ನು ಹೇಳುವುದಿಲ್ಲ. ರೆಟಿನೈಟಿಸ್ ಪಿಗ್ಮೆಂಟೋಸಾ ಇರುವವರಿಗೆ ಮೊದಲು ಇರುಳಲ್ಲಿ ಕಾಣದಾಗುತ್ತದೆ, ಆಮೇಲೆ ಅಂಚಿನಿಂದ ಒಳಕ್ಕೆ ನೋಟ ಕಿರಿದಾಗುತ್ತ ಬರುತ್ತದೆ. ಅವರಿಗೆ ಕೀಲಿಮಣೆಯಲ್ಲಿ ಒಮ್ಮೆಗೆ ಕಾಣುವುದು ಮೂರೋ ನಾಲ್ಕೋ ಕೀ. ಮ್ಯಾಕ್ಯುಲಾ ಹಾಳಾದವರಿಗೆ ಇದರ ತಿರುವುಮುರುವು: ಅಂಚು ಕಾಣುತ್ತದೆ, ನೇರ ನೋಡಿದ್ದೇ ಮಾಯ. ಆಲ್ಬಿನಿಸಂ ಇರುವ ಮಗುವಿಗೆ ಕಿಟಕಿಯ ಬೆಳಕು ಬಿದ್ದರೆ ಸಾಕು, ಪರದೆ ಇಡೀ ಬಿಳಿ.

ಇವರಲ್ಲಿ ಒಬ್ಬರು ಟೈಪ್ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಬೇಕು. ಮೂಗು ಕೀಲಿಮಣೆಗೆ ತಾಗುವಷ್ಟು ಬಗ್ಗಿ ಒಂದು ಕೀ ಹುಡುಕುತ್ತಾರೆ, ಒತ್ತುತ್ತಾರೆ. ಸರಿಯಾಗಿ ಬಿತ್ತೇ ಎಂದು ನೋಡಲು ಪರದೆಯ ಹತ್ತಿರ ಮುಖ ತರುತ್ತಾರೆ. ಪರದೆಯಲ್ಲಿ ಮ್ಯಾಗ್ನಿಫೈಯರ್ ನಾಲ್ಕು ಪಟ್ಟು ಹಿಗ್ಗಿಸಿರುತ್ತದೆ. ನಾಲ್ಕು ಪಟ್ಟು ಎಂದರೆ ಪರದೆಯ ಹದಿನಾರನೇ ಒಂದು ಭಾಗ ಮಾತ್ರ ಕಣ್ಣೆದುರು ಇರುತ್ತದೆ. ತಾವು ಎಲ್ಲಿ ಬರೆಯುತ್ತಿದ್ದೆವು ಎಂದು ಆ ಚೂರಿನಲ್ಲಿ ಹುಡುಕಿ, ಅಕ್ಷರ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು, ಮತ್ತೆ ಕೆಳಗೆ ಬಗ್ಗುತ್ತಾರೆ. ಅಷ್ಟರಲ್ಲಿ ಮುಂದಿನ ಪದವೇ ಮರೆತಿರುತ್ತದೆ. ಒಂದು ಪುಟ ಮುಗಿಯುವ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಇಷ್ಟಾದ ಮೇಲೆ ‘ಇವನು ನಿಧಾನ’ ಎಂಬ ಬಿರುದು ಬೇರೆ.

ಇದಕ್ಕೆ ಪರಿಹಾರವೆಂದು ಅಂಗಡಿಯಲ್ಲಿ ಹಳದಿ ಸ್ಟಿಕರ್ ಸಿಗುತ್ತದೆ, ದಪ್ಪ ಕಪ್ಪು ಅಕ್ಷರ ಇರುವಂಥದ್ದು. ಪ್ರತಿ ಕೀಗೂ ಒಂದು ಅಂಟಿಸಬೇಕು. ದಿನಕ್ಕೆ ನಾಲ್ಕು ಬಿಲ್ ಹೊಡೆಯುವ ವಯಸ್ಸಾದ ಅಂಗಡಿಯವರಿಗೆ ಅದು ಸರಿಯೇ. ಕಲಿಯುವ ಮಗುವಿನ ಕೀಲಿಮಣೆಗೆ ಅಂಟಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಯಾವ ಚಟ ಬಿಡಿಸಬೇಕೋ ಅದನ್ನೇ ಅದು ಸಾಕುತ್ತದೆ. ಸ್ಟಿಕರ್ ಇದ್ದಷ್ಟು ದಿನ ಕಣ್ಣು ಕೆಳಗೆ ಹೋಗುತ್ತದೆ, ಕಣ್ಣು ಕೆಳಗೆ ಹೋದಷ್ಟು ದಿನ ಬೆರಳು ಕಲಿಯುವುದಿಲ್ಲ. ಅಲ್ಲದೆ ಇವರಲ್ಲಿ ಹಲವರ ದೃಷ್ಟಿ ವರ್ಷದಿಂದ ವರ್ಷಕ್ಕೆ ಇಳಿಯುವಂಥದ್ದು. ಹನ್ನೆರಡರಲ್ಲಿ ಕಂಡ ಸ್ಟಿಕರ್ ಮೂವತ್ತರಲ್ಲಿ ಕಾಣುತ್ತದೆಂಬ ಭರವಸೆ ಇಲ್ಲ.

ತಾಯಂದಿರಿಗೆ ಇದು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ‘ಸ್ವಲ್ಪನಾದ್ರೂ ಕಾಣ್ತದಲ್ಲ ಮೇಡಂ, ಅದನ್ನೂ ಬಳಸ್ಬೇಡ ಅಂದ್ರೆ ಹೆಂಗೆ?’ ಎಂದು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಕಾಣುವುದನ್ನೂ ಕಾಣದಂತೆ ನಟಿಸು ಎಂದು ಮಗುವಿಗೆ ಹೇಳಿದಂತೆ ಅವರಿಗೆ ತೋರುತ್ತದೆ. ಆದರೆ ಹಾರ್ಮೋನಿಯಂ ಬಾರಿಸುವವರು ಮನೆಗಳನ್ನು ನೋಡಿಕೊಂಡು ಬಾರಿಸುತ್ತಾರೆಯೇ? ಇರುವ ಅಷ್ಟಿಷ್ಟು ದೃಷ್ಟಿ ಅದಿಲ್ಲದೆ ಆಗದ ಕೆಲಸಗಳಿಗೆ ಉಳಿಯಬೇಕು. ಭೂಪಟ ನೋಡುವುದಕ್ಕೆ, ಪಠ್ಯದ ಚಿತ್ರ ನೋಡುವುದಕ್ಕೆ, ಬರೆದದ್ದನ್ನು ಕೊನೆಗೊಮ್ಮೆ ದೊಡ್ಡದು ಮಾಡಿ ಓದುವುದಕ್ಕೆ. ಕೀ ಹುಡುಕುವುದಕ್ಕೆ ಅದನ್ನು ಸುರಿಯುವುದು ದಂಡ.

ಗೆರೆ ಸಿಕ್ಕಿತೇ?

ಕಲಿಸುವ ಕ್ರಮ ಹಳೆಯ ಇನ್‌ಸ್ಟಿಟ್ಯೂಟಿನದೇ. ಮೇಷ್ಟ್ರ ಜಾಗದಲ್ಲಿ ಈಗ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವೂ ಕೂತಿದೆ, ಅಷ್ಟೇ. ಪರದೆಯಲ್ಲಿ ಏನಿದೆ, ಯಾವ ಕೀ ಒತ್ತಿದಿರಿ ಎಂಬುದನ್ನು ಅದು ಗಟ್ಟಿಯಾಗಿ ಹೇಳುತ್ತದೆ. 1989ರಿಂದ ಇರುವ ಜಾಸ್ ಇದರಲ್ಲಿ ಹೆಸರುವಾಸಿ, ಬೆಲೆಯೂ ಜೋರು. ಅದನ್ನು ಕಟ್ಟಿದ ಟೆಡ್ ಹೆಂಟರ್ ಮೋಟಾರ್ ಸೈಕಲ್ ರೇಸ್ ಓಡಿಸುತ್ತಿದ್ದವರು, ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡವರು. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರುಮಾಡಿ, ಜೇಮ್ಸ್ ಟೆ ಜೊತೆಗೂಡಿ ಬೆಳೆಸಿದ ಎನ್‌ವಿಡಿಎ ಪೂರ್ತಿ ಉಚಿತ. ಈ ಇಬ್ಬರೂ ದೃಷ್ಟಿ ಇಲ್ಲದವರು. ನಮ್ಮಲ್ಲಿ ಹೆಚ್ಚಿನವರಿಗೆ ಕೈಗೆಟಕುವುದು ಎನ್‌ವಿಡಿಎ.

ಮೊದಲ ದಿನ ಟೈಪಿಂಗ್ ಇರುವುದಿಲ್ಲ. ಕೂರುವುದನ್ನು ಕಲಿಸಬೇಕು. ಜಿ ಮತ್ತು ಎಚ್ ನಡುವಿನ ಸಂದು ಹೊಕ್ಕುಳಿಗೆ ನೇರ ಬರುವಂತೆ ಕೀಲಿಮಣೆ ಇಡಬೇಕು. ಕಣ್ಣಿನ ಸಹಾಯ ಇಲ್ಲದವರಿಗೆ ಕೀಲಿಮಣೆ ಸೊಟ್ಟಗಿದ್ದರೆ ಎಲ್ಲ ಅಂದಾಜೂ ಸೊಟ್ಟ. ಹೆಬ್ಬೆರಳುಗಳು ಕೆಳಗಿನ ಉದ್ದನೆಯ ಸ್ಪೇಸ್ ಬಾರ್ ಮೇಲೆ. ಅಲ್ಲಿಂದ ಎರಡು ಸಾಲು ಮೇಲಕ್ಕೆ ಸವರುತ್ತ ಹೋದರೆ ಎರಡೂ ತೋರುಬೆರಳಿಗೆ ಒಂದೊಂದು ಸಣ್ಣ ಉಬ್ಬುಗೆರೆ ತಾಕುತ್ತದೆ. ಎಡಗೈಯದು ಎಫ್, ಬಲಗೈಯದು ಜೆ. ಜಗತ್ತಿನ ಹೆಚ್ಚುಕಡಿಮೆ ಎಲ್ಲ ಕೀಲಿಮಣೆಗಳಲ್ಲೂ ಇರುವ ಈ ಗೆರೆಯನ್ನು ಕಣ್ಣಿರುವವರು ಎಷ್ಟೋ ಜನ ಗಮನಿಸಿಯೇ ಇರುವುದಿಲ್ಲ.

ಗೆರೆ ತಪ್ಪಿದರೆ ಏನಾಗುತ್ತದೆ ಎಂದು ಬೇಗ ತಿಳಿಯುತ್ತದೆ. ಕೈ ಒಂದೇ ಒಂದು ಕೀ ಬಲಕ್ಕೆ ಸರಿದಿದ್ದರೂ ಇಂಗ್ಲಿಷಿನ ‘ದಿ’ ಎಂದು ಹೊಡೆದ ಟಿ, ಎಚ್, ಇ ಎಂಬುದು ವೈ, ಜೆ, ಆರ್ ಆಗಿ ಬೀಳುತ್ತದೆ. ಕಿವಿಯಲ್ಲಿ ಸ್ಕ್ರೀನ್ ರೀಡರ್ ಅರ್ಥವಿಲ್ಲದ್ದನ್ನೆಲ್ಲ ಬಡಬಡಿಸುತ್ತದೆ. ತರಗತಿಯಲ್ಲಿ ಕೇಳಿಬರುವ ಮಾತು ಇಂಥದ್ದು:

‘ಮಿಸ್, ಏನೇನೋ ಹೇಳ್ತಿದೆ ಇದು.’

‘ಗೆರೆ ಸಿಕ್ತಾ ನೋಡು ಪುಟ್ಟಾ.’

‘ಬಲಗೈದು ಸಿಕ್ತು. ಎಡಗೈದು ಇಲ್ಲ.’

‘ಒಂದ್ ಮನೆ ಆಚೆ ಹೋಗಿದೀಯ. ಈಚೆ ಬಾ. ಹಾಂ, ಈಗ ಹೊಡಿ.’

ಎನ್‌ವಿಡಿಎಯಲ್ಲಿ ಒಂದು ಒಳ್ಳೆಯ ಸೌಲಭ್ಯವಿದೆ. ಇನ್ಸರ್ಟ್ ಹಿಡಿದು 1 ಒತ್ತಿದರೆ ಕೀಲಿಮಣೆ ಅಭ್ಯಾಸದ ಸ್ಥಿತಿಗೆ ಹೋಗುತ್ತದೆ. ಆಮೇಲೆ ಯಾವ ಕೀ ಒತ್ತಿದರೂ ಅದರ ಹೆಸರು ಕೇಳಿಸುತ್ತದೆ, ಕಂಪ್ಯೂಟರಿನಲ್ಲಿ ಏನೂ ಆಗುವುದಿಲ್ಲ. ಡಿಲೀಟ್ ಒತ್ತಿದರೂ ಏನೂ ಅಳಿಯುವುದಿಲ್ಲ. ಹೆದರಿಕೆ ಇಲ್ಲದೆ ಮಗು ಇಡೀ ಮಣೆಯನ್ನು ಸುತ್ತಿ ಬರಬಹುದು. ಈ ಸುತ್ತಾಟದಲ್ಲೇ ಗುರುತುಗಳು ಸಿಗುತ್ತವೆ: ಮೇಲಿನ ಸಾಲಿನ ಎಫ್1ರಿಂದ ಎಫ್12ರವರೆಗಿನ ಕೀಗಳು ನಾಲ್ಕು ನಾಲ್ಕರ ಗುಂಪಾಗಿ, ನಡುವೆ ಸಂದು ಬಿಟ್ಟು ಕೂತಿವೆ, ಬಲಗಡೆ ಅಂಕಿಗಳ ಗುಂಪಿನಲ್ಲಿ 5ರ ಮೇಲೂ ಒಂದು ಉಬ್ಬು, ನಾಲ್ಕು ಬಾಣದ ಕೀಗಳು ಕೆಳಗೆ ಪ್ರತ್ಯೇಕ. ಅಗ್ಗದ ಡೆಸ್ಕ್‌ಟಾಪ್ ಕೀಲಿಮಣೆಯಲ್ಲಿ ಈ ಸಂದುಗಳೆಲ್ಲ ಇರುತ್ತವೆ. ದುಬಾರಿ ಲ್ಯಾಪ್‌ಟಾಪಿನಲ್ಲಿ ಅಂದಕ್ಕಾಗಿ ಎಲ್ಲವನ್ನೂ ಅಂಟಿಸಿಟ್ಟಿರುತ್ತಾರೆ. ಕಲಿಯುವವರಿಗೆ ಅಗ್ಗದ್ದೇ ವಾಸಿ. ಬೇಕಾದ ಕೀಗೆ ಒಂದು ತೊಟ್ಟು ಉಗುರುಬಣ್ಣ ಹಾಕಿ ಒಣಗಿಸಿದರೆ ಕೈಗೆ ಸಿಗುವ ಗುರುತು ತಯಾರು. ಇದು ಕೈಗೆ ಮಾತ್ರ ಸಿಗುವ ಗುರುತು, ಹಾಗಾಗಿ ಸ್ಟಿಕರಿನ ದೋಷ ಇದಕ್ಕಿಲ್ಲ.

ಸಾಲು ಸಾಲಾಗಿ ಮುಂದುವರಿಯುವ ಅಭ್ಯಾಸದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಡುವಿನ ಸಾಲು, ಮೇಲಿನದು, ಕೆಳಗಿನದು. ಹೋದ ಬೆರಳು ನಡುವಿನ ಸಾಲಿನ ತನ್ನ ಮನೆಗೆ ವಾಪಸು. ಮಂದದೃಷ್ಟಿಯವರ ಕೈಮೇಲೆ ಒಂದು ಟವೆಲ್ ಹೊದಿಸುವುದೋ, ಪರದೆಯನ್ನೇ ಆರಿಸುವುದೋ ಮಾಡಿದರೆ ಒಳ್ಳೆಯದು. ಗಮನಿಸಬೇಕಾದ್ದು ಸ್ಕ್ರೀನ್ ರೀಡರ್ ಎಷ್ಟು ಮಾತಾಡಬೇಕು ಎಂಬುದನ್ನು. ಶುರುವಿನಲ್ಲಿ ಅದು ಒತ್ತಿದ ಪ್ರತಿ ಅಕ್ಷರವನ್ನೂ ಹೇಳಬೇಕು. ಕೈ ಪಳಗಿದ ಮೇಲೂ ಹಾಗೇ ಬಿಟ್ಟರೆ, ಅದು ಹೇಳಿ ಮುಗಿಸಲೆಂದು ಬೆರಳು ಕಾಯುವ ಅಭ್ಯಾಸವಾಗಿ ವೇಗ ಅಲ್ಲೇ ನಿಂತುಬಿಡುತ್ತದೆ. ಆಗ ಇನ್ಸರ್ಟ್ ಜೊತೆ 2 ಒತ್ತಿ ಅಕ್ಷರ ಹೇಳುವುದನ್ನು ನಿಲ್ಲಿಸಬೇಕು, 3 ಒತ್ತಿ ಪದ ಮುಗಿದಾಗ ಇಡೀ ಪದ ಹೇಳುವಂತೆ ಮಾಡಬೇಕು. ಎಷ್ಟೋ ಜನ ಈ ಬದಲಾವಣೆಯನ್ನು ಮಾಡದೆಯೇ ವರ್ಷಗಟ್ಟಲೆ ನಡೆಸುತ್ತಾರೆ, ಹೇಳಿಕೊಟ್ಟವರಿರುವುದಿಲ್ಲ.

ತಿದ್ದುವುದನ್ನು ಟೈಪಿಂಗಿನ ಜೊತೆಗೇ ಕಲಿಸಬೇಕು. ಕಣ್ಣಿರುವವರು ಮೌಸ್ ಹಿಡಿದು ತಪ್ಪಿನ ಮೇಲೆ ಕ್ಲಿಕ್ ಮಾಡುತ್ತಾರೆ. ಇವರು ಬಾಣದ ಕೀಲಿ ಒತ್ತಿ ಅಕ್ಷರ ಅಕ್ಷರ, ಕಂಟ್ರೋಲ್ ಸೇರಿಸಿ ಪದ ಪದ ದಾಟಿ, ಕೇಳಿಸಿಕೊಳ್ಳುತ್ತ ಹೋಗಿ ತಪ್ಪನ್ನು ಹಿಡಿಯುತ್ತಾರೆ.

ಕನ್ನಡಕ್ಕೆ ಬಂದಾಗ

ಇಲ್ಲಿಯವರೆಗಿನದೆಲ್ಲ ಇಂಗ್ಲಿಷ್. ನಮ್ಮ ತರಬೇತಿಗಳಲ್ಲಿ ಬಹುಪಾಲು ಇಲ್ಲಿಗೇ ಮುಗಿಯುತ್ತವೆ, ನೌಕರಿ ಇರುವುದು ಇಂಗ್ಲಿಷಿನಲ್ಲಿ ಎಂಬ ಕಾರಣಕ್ಕೆ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ತನ್ನ ಪತ್ರ, ತನ್ನ ಉತ್ತರ ಪತ್ರಿಕೆ, ತನ್ನ ಕಥೆ ಬರೆಯಲು ಬರುವುದಿಲ್ಲ ಎಂದರೆ ಕಲಿತದ್ದು ಅರ್ಧ ಎಂದೇ ಹೇಳಬೇಕು.

ನೋಡದೆ ಹೊಡೆಯುವವರಿಗೆ ಕನ್ನಡದ ವಿನ್ಯಾಸಗಳು ಚೆನ್ನಾಗಿಯೇ ಒಗ್ಗುತ್ತವೆ. ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಿಂದ ಮನೆಮಾತಾದ ವಿನ್ಯಾಸದಲ್ಲಿ ‘ಕನ್ನಡ’ ಎಂದು ಬರೆಯಲು ಒತ್ತಬೇಕಾದದ್ದು ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದೇ ಹೊಡೆತ. ಅದರ ನಡುವಿನ ಎಫ್ ನೋಡಿ. ಅಕ್ಷರಕ್ಕೆ ಒತ್ತು ಕೊಡುವ ಕೀ ಅದು, ಕನ್ನಡದಲ್ಲಿ ಹೆಜ್ಜೆ ಹೆಜ್ಜೆಗೂ ಬೇಕಾದದ್ದು. ಅದು ಕೂತಿರುವುದು ಉಬ್ಬುಗೆರೆ ಇರುವ ಕೀಯಲ್ಲೇ, ಎಡ ತೋರುಬೆರಳಿನ ಕೆಳಗೆ. ಒತ್ತಕ್ಷರ ಬಂದಾಗಲೆಲ್ಲ ಬೆರಳು ತನ್ನ ಜಾಗ ಸರಿಯಿದೆಯೇ ಎಂದು ತಾನಾಗಿ ನೋಡಿಕೊಂಡಂತಾಗುತ್ತದೆ. ಮಹಾಪ್ರಾಣಕ್ಕೆ ಶಿಫ್ಟ್ ಸೇರಿಸಿದರಾಯಿತು.

ಇನ್ನೊಂದು, ಭಾರತದ ಭಾಷೆಗಳಿಗೆಲ್ಲ ಒಂದೇ ಎಂಬಂತೆ ರೂಪಿಸಿದ ಇನ್‌ಸ್ಕ್ರಿಪ್ಟ್. ವಿಂಡೋಸ್‌ನಲ್ಲಿ ಮೊದಲಿಂದ ಇರುವುದು ಅದೇ. ಅದರಲ್ಲಿ ಕೊಂಬು, ಗುಡಿಸು, ದೀರ್ಘಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ. ಇಂಗ್ಲಿಷ್ ಅಕ್ಷರ ಯಾವುದು ಎಲ್ಲಿದೆ ಎಂದು ಗೊತ್ತಿಲ್ಲದ ಮಗುವೂ ಕಲಿಯಬಹುದು, ಎರಡು ಕೈಗೂ ಕೆಲಸ ಹಂಚಿಹೋಗುತ್ತದೆ. ನನ್ನ ಒಲವು ಕೆ.ಪಿ. ರಾವ್ ವಿನ್ಯಾಸದ ಕಡೆಗೆ, ಇಂಗ್ಲಿಷ್ ಕೀಲಿಮಣೆ ಕಲಿತ ಬೆರಳಿಗೆ ಹೊಸದಾಗಿ ಕಲಿಯುವುದು ಕಡಿಮೆ ಎಂಬ ಕಾರಣಕ್ಕೆ. ಬೇಡವೆನ್ನುವುದು ಒಂದನ್ನೇ: ಇಂಗ್ಲಿಷಿನಲ್ಲಿ ಹೊಡೆದರೆ ನಾಲ್ಕಾರು ಕನ್ನಡ ಪದ ಸೂಚಿಸಿ, ಆರಿಸಿಕೋ ಎನ್ನುವ ವಿಧಾನ. ಕಣ್ಣಿರುವವರು ಆ ಪಟ್ಟಿಯ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ಇವರು ಪ್ರತಿ ಪದಕ್ಕೂ ಪಟ್ಟಿಯನ್ನು ಕೇಳಿಸಿಕೊಂಡು ಕೂರಬೇಕು. ಒತ್ತಿದ್ದು ಏನೋ ಬಿದ್ದದ್ದೂ ಅದೇ ಎಂಬ ಖಾತ್ರಿ ಇಲ್ಲದ ಕಡೆ ಬೆರಳಿಗೆ ಯಾವ ಪಾಠವೂ ಹತ್ತುವುದಿಲ್ಲ.

ಬ್ರೈಲ್ ಬಲ್ಲವರಿಗೆ ಒಂದು ಅನುಕೂಲ, ಒಂದು ತೊಡಕು ಇದೆ. ಆರು ಚುಕ್ಕಿಗೆ ಆರು ಗುಂಡಿ ಇರುವ ಪರ್ಕಿನ್ಸ್ ಬ್ರೈಲರ್ ಯಂತ್ರದಲ್ಲಿ ಬರೆದು ಪಳಗಿದವರ ಕೈ ಮೊದಲೇ ತಯಾರಾಗಿರುತ್ತದೆ. ಹಲವು ತಂತ್ರಾಂಶಗಳಲ್ಲಿ ಸಾಮಾನ್ಯ ಕೀಲಿಮಣೆಯ ಎಫ್, ಡಿ, ಎಸ್ ಮತ್ತು ಜೆ, ಕೆ, ಎಲ್ ಕೀಗಳನ್ನೇ ಆರು ಚುಕ್ಕಿಯಾಗಿ ಬಳಸಿ ಬ್ರೈಲ್ ಬರೆಯಬಹುದು. ಅವೆಲ್ಲವೂ ಟೈಪಿಂಗಿನ ಮನೆಸಾಲಿನವೇ. ತೊಡಕಿರುವುದು ಒತ್ತಕ್ಷರದಲ್ಲಿ. 1951ರಲ್ಲಿ ಒಪ್ಪಿತವಾದ ಭಾರತಿ ಬ್ರೈಲ್‌ನಲ್ಲಿ ‘ನ್ನ’ ಬರೆಯುವಾಗ ಅರ್ಧಾಕ್ಷರದ ಗುರುತಾದ 4ನೇ ಚುಕ್ಕಿ ಮೊದಲು, ಆಮೇಲೆ ಎರಡು ನಕಾರ. ಕೀಲಿಮಣೆಯಲ್ಲಿ ಗುರುತು ಎರಡು ನಕಾರಗಳ ನಡುವೆ. ಬ್ರೈಲ್‌ನಲ್ಲಿ ಚುರುಕಾದ ಮಗು ಕನ್ನಡ ಟೈಪಿಂಗಿನಲ್ಲಿ ಒತ್ತಕ್ಷರವನ್ನೇ ತಪ್ಪುತ್ತಿದ್ದರೆ ಕಾರಣ ಬಹುಶಃ ಇದು. ಮೊದಲ ವಾರವೇ ಹೇಳಿಕೊಟ್ಟರೆ ಸರಿಹೋಗುತ್ತದೆ.

ಇಷ್ಟೆಲ್ಲ ಕಲಿತ ಮೇಲೂ ಇನ್ನೊಂದು ಗೋಡೆ ಎದುರಾಗುತ್ತದೆ. ಯೂನಿಕೋಡ್ ಬರುವ ಮೊದಲಿನ ಕನ್ನಡ ಫಾಂಟುಗಳಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳ ರಾಶಿ. ಸ್ಕ್ರೀನ್ ರೀಡರ್ ಒಳಗಿನದನ್ನು ಓದುತ್ತದೆ, ಕೇಳುವವರಿಗೆ ಅದು ಬರೀ ಗೊಜ್ಜು. ಹಳೆಯ ಫಾಂಟಿನ ಸುತ್ತೋಲೆ, ಪ್ರಶ್ನೆಪತ್ರಿಕೆ, ಆಹ್ವಾನ ಪತ್ರಿಕೆಗಳು ಕಚೇರಿಗಳಿಂದ ಇಂದಿಗೂ ಹೊರಬರುತ್ತವೆ. ಕನ್ನಡದಲ್ಲಿ ಟೈಪ್ ಮಾಡುವ ಕಣ್ಣುಳ್ಳವರೆಲ್ಲ ಯೂನಿಕೋಡ್ ಬಳಸಿದರೆ ಕಾಣದ ಓದುಗರಿಗೆ ಮಾಡಬಹುದಾದ ಅರ್ಧ ಉಪಕಾರ ಮುಗಿಯುತ್ತದೆ. ಖರ್ಚೂ ಇಲ್ಲ.

ನಡುವಯಸ್ಸಿನಲ್ಲಿ ಕಲಿಯುವವರು

ಮಕ್ಕಳ ಮಾತಾಯಿತು. ನಲವತ್ತೈದು, ಐವತ್ತರಲ್ಲಿ ದೃಷ್ಟಿ ಹೋದವರದು ಬೇರೆ ಲೆಕ್ಕ. ನಮ್ಮಲ್ಲಿ ಸಕ್ಕರೆ ಕಾಯಿಲೆ ಎಷ್ಟು ಸಾಮಾನ್ಯ ಎಂದು ಹೇಳಬೇಕಿಲ್ಲ. ಅದು ರೆಟಿನಾಕ್ಕೂ ಏಟು ಕೊಡುತ್ತದೆ, ಬೆರಳ ತುದಿಯ ಸ್ಪರ್ಶವನ್ನೂ ಮಂದ ಮಾಡಬಲ್ಲದು. ಅಂಥವರಿಗೆ ಬ್ರೈಲ್ ಚುಕ್ಕಿ ಬೆರಳಿಗೆ ಸಿಗುವುದು ಕಷ್ಟ. ಕೀಲಿಮಣೆಗೆ ಅಷ್ಟು ಸೂಕ್ಷ್ಮ ಸ್ಪರ್ಶ ಬೇಡ, ಎರಡು ಗೆರೆ ಗೊತ್ತಾದರೆ ಸಾಕು. ಅವರ ಪಾಲಿಗೆ ಬರವಣಿಗೆ ಎಂದರೆ ಇದೊಂದೇ.

ಹಾಗೆ ದೊಡ್ಡವರಿಗೆ ಕಲಿಸುವ ಪರಂಪರೆ ಯುದ್ಧದಿಂದ ಬಂದದ್ದು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಲಂಡನ್ನಿನಲ್ಲಿ 1915ರಲ್ಲಿ ಆರ್ಥರ್ ಪಿಯರ್ಸನ್ ತೆರೆದ ಸೇಂಟ್ ಡನ್‌ಸ್ಟನ್ಸ್ ಸಂಸ್ಥೆಯಲ್ಲಿ ಬ್ರೈಲ್, ಬುಟ್ಟಿ ಹೆಣಿಗೆಗಳ ಜೊತೆ ಟೈಪಿಂಗ್ ಸಹ ಪಾಠವಾಗಿತ್ತು. ಗಲಿಪೊಲಿ ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡು ಅಲ್ಲಿ ಪಳಗಿದ ನ್ಯೂಜಿಲೆಂಡಿನ ಕ್ಲೂಥಾ ಮೆಕೆಂಜಿ, ಎರಡನೇ ಮಹಾಯುದ್ಧದ ಹೊತ್ತಿಗೆ ಭಾರತಕ್ಕೆ ಬಂದರು. ಕಣ್ಣು ಕಳೆದುಕೊಂಡ ಭಾರತೀಯ ಸೈನಿಕರಿಗಾಗಿ ಡೆಹ್ರಾಡೂನಿನಲ್ಲಿ 1943ರಲ್ಲಿ ತೆರೆದ ಕೇಂದ್ರವನ್ನು ನಡೆಸಿದವರು ಅವರೇ. ಇಂದಿನ ರಾಷ್ಟ್ರೀಯ ದೃಷ್ಟಿ ದಿವ್ಯಾಂಗರ ಸಂಸ್ಥೆಯ ಬೇರು ಆ ಕೇಂದ್ರ. ಮುಂದೆ ಯುನೆಸ್ಕೊ ಆಶ್ರಯದಲ್ಲಿ ನಡೆದ ಬ್ರೈಲ್ ಏಕರೂಪತೆಯ ಕೆಲಸದಲ್ಲೂ ಮೆಕೆಂಜಿ ಮುಂದಾಳು.

ಹೊಸದಾಗಿ ದೃಷ್ಟಿ ಕಳೆದುಕೊಂಡ ನೌಕರರಿಗೆ ದೊಡ್ಡ ತಡೆ ನೋಡಿ ಹೊಡೆಯುವ ಕೆಲಸ. ಕಣ್ಣಿರುವ ಗುಮಾಸ್ತರು ಕರಡು ನೋಡುತ್ತ ಹೊಡೆಯುತ್ತಾರೆ. ಅವರ ಕಣ್ಣು ಕರಡಿಗೆ, ಕೈ ಕೀಗೆ. ಕಾಣದವರು ಕರಡನ್ನು ಕೇಳಬೇಕು, ತಾವು ಹೊಡೆದದ್ದನ್ನೂ ಕೇಳಬೇಕು. ಒಂದೇ ಕಿವಿಗೆ ಎರಡು ದನಿ. ಇಯರ್‌ಫೋನನ್ನು ಒಂದೇ ಕಿವಿಗೆ ಹಾಕಿ, ಇನ್ನೊಂದು ಕಿವಿಯಲ್ಲಿ ಓದಿ ಹೇಳುವವರ ಮಾತು ಕೇಳುತ್ತ ಹೊಡೆಯುವುದನ್ನು ರೂಢಿ ಮಾಡಿಕೊಳ್ಳಬಹುದು. ಡಿಕ್ಟೇಷನ್ ಕೇಳಿ ಟೈಪ್ ಮಾಡುವ ಹುದ್ದೆಗಳಲ್ಲಿ ಕಳೆದ ಶತಮಾನದಲ್ಲಿ ಅಂಧರು ದುಡಿದದ್ದು ಕಿವಿಯನ್ನು ನಂಬಿಯೇ. ಪುಟ ನೋಡಿ ಹೊಡೆಯುವ ಪರೀಕ್ಷೆಯ ವೇಗವನ್ನು ಅವರಿಗೂ ಹಾಗೇ ಅನ್ವಯಿಸುವುದು ಮಾತ್ರ ನ್ಯಾಯವಲ್ಲ.

‘ಈಗ ಮೊಬೈಲಿಗೆ ಹೇಳಿದ್ರೆ ಅದೇ ಬರ್ಕೊಳ್ತದಲ್ಲ’ ಎನ್ನುವವರು ಇದ್ದಾರೆ. ಬರೆದುಕೊಳ್ಳುತ್ತದೆ, ಕನ್ನಡದಲ್ಲೂ. ‘ಹೊರಟಿದ್ದೇನೆ’ ಎಂಬಷ್ಟು ಸಂದೇಶಕ್ಕೆ ಅದು ಸಾಕು. ಊರ ಹೆಸರು, ಮನೆತನದ ಹೆಸರು, ಅಂಕಿ, ವಿರಾಮ ಚಿಹ್ನೆ ಬಂದಲ್ಲಿ ತಪ್ಪುತ್ತದೆ, ತಿದ್ದಲು ಮತ್ತೆ ಬೆರಳೇ ಬೇಕು. ಬ್ಯಾಂಕಿನ ಪಾಸ್‌ವರ್ಡನ್ನು ಬಸ್ಸಿನಲ್ಲಿ ಗಟ್ಟಿಯಾಗಿ ಹೇಳಲಾಗುತ್ತದೆಯೇ? ಮೊಬೈಲಿನ ಗಾಜಿನ ಮೇಲೆ ಗೆರೆಯೂ ಇಲ್ಲ, ಉಬ್ಬೂ ಇಲ್ಲ. ಬೆರಳಾಡಿಸಿ ಹುಡುಕಿ, ಹೆಸರು ಕೇಳಿಸಿಕೊಂಡು ಒತ್ತಬೇಕು. ಕಂಪ್ಯೂಟರ್ ಕೊಳ್ಳಲು ಆಗದ ಮನೆಯಲ್ಲೂ ಆಂಡ್ರಾಯ್ಡ್ ಫೋನ್ ಇರುತ್ತದೆ. ಒಟಿಜಿ ಎಂಬ ಸಣ್ಣ ಕನೆಕ್ಟರ್ ಹಾಕಿ ಸಾಮಾನ್ಯ ಯುಎಸ್‌ಬಿ ಕೀಲಿಮಣೆಯನ್ನೇ ಹೆಚ್ಚಿನ ಫೋನ್‌ಗಳಿಗೆ ಜೋಡಿಸಬಹುದು. ಫೋನಿನಲ್ಲೇ ಇರುವ ಟಾಕ್‌ಬ್ಯಾಕ್ ಒತ್ತಿದ್ದನ್ನು ಹೇಳುತ್ತದೆ. ಅಭ್ಯಾಸಕ್ಕೆ ಇಷ್ಟು ಸಾಕು.

ಪರೀಕ್ಷೆಯ ವಿಷಯದಲ್ಲಿ ನಿಯಮ ಇವರ ಕಡೆಗಿದೆ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಲಿಖಿತ ಪರೀಕ್ಷೆಯ ಮಾರ್ಗಸೂಚಿ, ಬ್ರೈಲ್‌ನಲ್ಲೋ ಕಂಪ್ಯೂಟರಿನಲ್ಲೋ ದೊಡ್ಡಕ್ಷರದಲ್ಲೋ ಬರೆಯುವ ಆಯ್ಕೆಯನ್ನು ಸಾಧ್ಯವಾದಷ್ಟೂ ಅಭ್ಯರ್ಥಿಗೆ ಕೊಡಬೇಕೆಂದಿತು. ಕಂಪ್ಯೂಟರ್ ಆರಿಸಿಕೊಂಡವರಿಗೆ ಹಿಂದಿನ ದಿನ ಅದನ್ನು ಪರೀಕ್ಷಿಸಿ ನೋಡಲೂ ಅದು ಅವಕಾಶ ಕೊಟ್ಟಿತು. ಆದರೂ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಲಿಪಿಕಾರರನ್ನೇ ನೆಚ್ಚುತ್ತಾರೆ. ಒಂಬತ್ತನೇ ತರಗತಿಯ ಹುಡುಗ ಲಿಪಿಕಾರನಾಗಿ ಕೂತು, ತನಗೆ ಗೊತ್ತಿಲ್ಲದ ಪದಗಳನ್ನು ತನಗೆ ತೋಚಿದಂತೆ ಬರೆದರೆ ಅಂಕ ಹೋಗುವುದು ಇವರದು. ಸ್ವಂತ ಕೈಯಲ್ಲಿ ಬರೆಯುವ ಆಯ್ಕೆ ಕಾಗದದ ಮೇಲಷ್ಟೇ ಉಳಿದಿರುವುದಕ್ಕೆ ಕಾರಣ, ಟೈಪಿಂಗ್ ಕಲಿಸುವುದನ್ನು ನಾವು ಕಾಲೇಜು ಮುಗಿದ ಮೇಲಿನ ಉದ್ಯೋಗ ತರಬೇತಿಗೆ ಬಿಟ್ಟಿರುವುದು. ಬೆಂಗಳೂರಿನ ಎನೇಬಲ್ ಇಂಡಿಯಾ, ಮಿತ್ರ ಜ್ಯೋತಿ, ಸಮರ್ಥನಂ ಸಂಸ್ಥೆಗಳು ಆ ತರಬೇತಿಯನ್ನು ಕೊಡುತ್ತ ಬಂದಿವೆ. ಅವರ ಬಳಿ ಬರುವ ಹೊತ್ತಿಗೆ ಹುಡುಗನಿಗೆ ಇಪ್ಪತ್ತು ದಾಟಿರುತ್ತದೆ. ಅವನು ಕಲಿಯಬೇಕಾದದ್ದು ಐದನೇ ತರಗತಿಯಲ್ಲಿ, ಕಣ್ಣು ಇನ್ನೂ ಸ್ವಲ್ಪ ಕಾಣುತ್ತಿದ್ದಾಗಲೇ.

ಶಾಲೆಗಳ ಮುಖ್ಯ ಶಿಕ್ಷಕರಲ್ಲಿ, ಕಂಪ್ಯೂಟರ್ ಶಿಕ್ಷಕರಲ್ಲಿ ಒಂದು ವಿನಂತಿ. ನಿಮ್ಮ ತರಗತಿಯಲ್ಲಿ ಬೋರ್ಡಿನ ಹತ್ತಿರ ಬಂದು ಓದುವ ಮಗು ಇದ್ದರೆ, ಕಂಪ್ಯೂಟರ್ ಪೀರಿಯಡ್ಡಿನಲ್ಲಿ ಅದನ್ನು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರಿಸಬೇಡಿ. ಎನ್‌ವಿಡಿಎಯನ್ನು ದುಡ್ಡು ಕೊಡದೆ ಇಳಿಸಿಕೊಳ್ಳಬಹುದು, ಪೆನ್‌ಡ್ರೈವ್‌ಗೆ ಹಾಕಿಕೊಂಡು ಹಾಗೆಯೇ ಓಡಿಸಬಹುದು, ಲ್ಯಾಬಿನ ಕಂಪ್ಯೂಟರಿನಲ್ಲಿ ಏನನ್ನೂ ಬದಲಿಸಬೇಕಿಲ್ಲ. ಒಂದು ಜೊತೆ ಇಯರ್‌ಫೋನ್, ಕೈಮೇಲೆ ಹೊದಿಸಲು ಒಂದು ಟವೆಲ್, ದಿನಕ್ಕೆ ಅರ್ಧ ಗಂಟೆ. ಈ ಜೂನ್‌ನಲ್ಲಿ ಶಾಲೆ ಶುರುವಾದಾಗಲೇ ಆರಂಭಿಸಿ.